ರಾಣಿಯ ಗಂಡನನ್ನು ಏನಂತ ಕರೆಯೋದು

ರಾಣಿಯ ಗಂಡ ರಾಜ ಅಲ್ಲ. ದೊಡ್ಡಬಳ್ಳಾಪುರದ ಹತ್ತಿರದ ಒಂದು ಹಳ್ಳಿಯ ಪಂಚಾಯ್ತಿ ಆಫೀಸಿನಲ್ಲಿ ಕೂತು ಈ ಒಂದು ಮಾತನ್ನು ಒಪ್ಪಿಸುವುದಕ್ಕೆ ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಪೂರ್ತಿ ಒಪ್ಪಿದರು ಅಂತಲೂ ಹೇಳಲಾರೆ. "ಅವರ ದೇಶದ ಪದ್ಧತಿ ಅವರಿಗೆ, ಆಗ್ಲಿ ಬಿಡಿ ಮೇಡಂ" ಅಂದರು, ಅಷ್ಟೇ.

ಕೆಲಸ ಬಂದದ್ದು ದೇವನಹಳ್ಳಿಯ ಹೋಟೆಲೊಂದರಿಂದ. ಏರ್‌ಪೋರ್ಟಿಗೆ ಹತ್ತಿರ ಅಂತ ಅಲ್ಲಿ ದೊಡ್ಡ ದೊಡ್ಡ ಗೆಸ್ಟ್‌ಗಳು ಇಳಿಯುತ್ತಾರೆ. ಅಂಥವರು ಬರುವಾಗ ಪ್ರೋಟೋಕಾಲ್ ಹೇಳಿಕೊಡಲು ನನ್ನನ್ನು ಕರೆಸುತ್ತಾರೆ. ಕಾರಿನ ಯಾವ ಬಾಗಿಲು ಮೊದಲು ತೆಗೆಯಬೇಕು, ಯಾರು ಕೈ ನೀಡಿದ ಮೇಲೆ ಯಾರು ಕೈ ಕೊಡಬೇಕು, ಯಾರನ್ನು ಯಾವ ಬಿರುದಿನಿಂದ ಮಾತಾಡಿಸಬೇಕು, ಇಂಥವು. ಕಾನ್ವೆಂಟಿನ ಸಿಸ್ಟರ್‌ಗಳು ಬೆನ್ನು ನೆಟ್ಟಗೆ ಮಾಡಿಸಿ ಕಲಿಸಿದ್ದಕ್ಕೆ ಈ ವಯಸ್ಸಿನಲ್ಲಿ ಬೇಡಿಕೆ ಬಂದಿದೆ.

ಈ ಸಲ ಬರುವವರು ಯುರೋಪಿನ ಒಂದು ಸಣ್ಣ ದೇಶದ ರಾಣಿ, ಜೊತೆಗೆ ಅವರ ಗಂಡ. ದೇಶದ ಹೆಸರು ಇಲ್ಲಿ ಬೇಡ. ಅಲ್ಲಿನ ಒಂದು ಟ್ರಸ್ಟ್ ನಮ್ಮ ಕಡೆಯ ಹೆಂಗಸರ ಪವರ್‌ಲೂಮ್ ಷೆಡ್ಡಿಗೆ ಸೋಲಾರ್ ಹಾಕಿಸಿಕೊಟ್ಟಿತ್ತು. ರಾಣಿ ಒಂದು ಬೆಳಿಗ್ಗೆ ಅದನ್ನು ನೋಡಿಕೊಂಡು ಹೋಗುವುದು, ಕಾರ್ಯಕ್ರಮ ಇಷ್ಟೇ.

ಅರಮನೆಯಿಂದ ಮುಂಚಿತವಾಗಿ ಬಂದಿದ್ದ ಅಧಿಕಾರಿ ಉದ್ದನೆಯ, ತೆಳ್ಳನೆಯ ಮನುಷ್ಯ. ಹೋಟೆಲಿನ ಲಾಬಿಯಲ್ಲಿ ಕೂತು, ಕಾಫಿ ಆರಿಹೋಗುವುದನ್ನೂ ಗಮನಿಸದೆ ವಿವರಿಸಿದರು. "ಹರ್ ಮೆಜೆಸ್ಟಿ ಈಸ್ ದ ಸಾವರಿನ್." ಪಟ್ಟ ಆಕೆಯದು, ತಂದೆಯಿಂದ ಬಂದದ್ದು. ಗಂಡನ ಬಿರುದು ಪ್ರಿನ್ಸ್. ಆಕೆಯನ್ನು ಯುವರ್ ಮೆಜೆಸ್ಟಿ ಅನ್ನಬೇಕು, ಆತನನ್ನು ಯುವರ್ ರಾಯಲ್ ಹೈನೆಸ್. ಆತನನ್ನು ಯಾರೂ ಕಿಂಗ್ ಅನ್ನಕೂಡದು. ಆಕೆಗಿಂತ ಮೊದಲು ಆತನಿಗೆ ಹೂವಾಗಲಿ, ನಮಸ್ಕಾರವಾಗಲಿ, ನೀರಾಗಲಿ ಸಲ್ಲಕೂಡದು. ಆತ ಹೆಂಡತಿಗಿಂತ ಸ್ವಲ್ಪ ಹಿಂದೆ ನಡೆಯುತ್ತಾರೆ. ಅದನ್ನು ಸಂಕೋಚ ಅಂದುಕೊಂಡು ಯಾರೂ ಮುಂದಕ್ಕೆ ಎಳೆಯಬಾರದು. ಇನ್ನು ಸ್ವಾಗತ ಕೋರುವವರು ಒಬ್ಬರೇ ಒಬ್ಬರು, ಆ ಊರು ಆರಿಸಿದ ಮುಖ್ಯಸ್ಥರು. ತಮ್ಮ ಭಾಷೆಯಲ್ಲೇ ನಾಲ್ಕು ಮಾತು ಹೇಳಿದರೆ ಸಾಕು, ಇಂಟರ್‌ಪ್ರಿಟರ್ ಇರುತ್ತಾರೆ.

"ಸೋ, ಹೂ ಈಸ್ ದ ಹೆಡ್?" ಅಂತ ಕೇಳಿದರು.

ಷೆಡ್ಡು ನಡೆಸುವ ಸಂಸ್ಥೆಯ ಕೋಆರ್ಡಿನೇಟರ್ ಹುಡುಗಿ ಒಂದು ಹೆಂಗಸಿನ ಹೆಸರು ಹೇಳಿದಳು. ಅಧಿಕಾರಿಯ ಮುಖ ಅರಳಿತು. "ಎ ವುಮನ್! ಹರ್ ಮೆಜೆಸ್ಟಿ ವಿಲ್ ಬಿ ಡಿಲೈಟೆಡ್." ಹುಡುಗಿ ನನ್ನ ಕಡೆ ನೋಡಿ, ಏನೋ ಹೇಳಲು ಹೋಗಿ, ಕಾಫಿ ಲೋಟ ಎತ್ತಿಕೊಂಡಳು. ಯಾಕೆ ಅಂತ ಮಾರನೇ ದಿನ ಗೊತ್ತಾಯಿತು.

ಪಂಚಾಯ್ತಿ ಆಫೀಸಿನ ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವರು ಇಸ್ತ್ರಿ ಮಾಡಿದ ಬಿಳಿ ಷರ್ಟಿನ ಒಬ್ಬ ಗಂಡಸು. ಐವತ್ತರ ಆಸುಪಾಸು. "ಬನ್ನಿ ಮೇಡಂ, ಬನ್ನಿ, ನಾನೇ ಅಧ್ಯಕ್ಷ ಅಂತ ಇಟ್ಕೊಳಿ" ಅಂದರು. ಒಳಗೆ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಅವರೇ ಕೂತರು. ತಲೆಯ ಮೇಲುಗಡೆ ಗೋಡೆಯ ಬೋರ್ಡಿನಲ್ಲಿ ಹೆಂಗಸಿನ ಹೆಸರು.

"ಅಧ್ಯಕ್ಷರು ಎಲ್ಲಿ?" ಅಂತ ಕೇಳಿದೆ.

"ಇದ್ದೀನಲ್ಲ ಮೇಡಂ."

"ಬೋರ್ಡಿನಲ್ಲಿ ಇರುವವರು."

"ಓ, ನಮ್ಮನೆಯೋಳಾ? ಮಗ್ಗದ ತಾವ ಅವ್ಳೆ. ಏನಾರ ಸೈನ್ ಇದ್ರೆ ಹೇಳಿ, ಕರೆಸ್ತೀನಿ."

ಇದೇನು ನಾನು ಕೇಳದ ಸಂಗತಿಯಲ್ಲ. ಸೀಟು ಮಹಿಳೆಗೆ ಅಂತ ಮೀಸಲಾಗುತ್ತದೆ, ಹೆಂಡತಿ ನಿಲ್ಲುತ್ತಾಳೆ, ಗೆಲ್ಲುತ್ತಾಳೆ, ಗಂಡ ಕುರ್ಚಿಯಲ್ಲಿ ಕೂರುತ್ತಾನೆ. ಆದರೆ ಆ ಊರಲ್ಲಿ ಒಂದು ದಿನ ಕೂತು ನೋಡಿದಾಗ ಬಿರುದುಗಳ ಲೆಕ್ಕದಲ್ಲಿ ಅದು ಹೇಗೆ ಕಾಣುತ್ತದೆ ಅಂತ ನನಗೆ ಹೊಸದಾಗಿ ಹೊಳೆಯಿತು. ಊರವರೆಲ್ಲ ಆತನನ್ನು "ಅಧ್ಯಕ್ಷರೇ" ಅನ್ನುತ್ತಿದ್ದರು. ನಿಜವಾದ ಅಧ್ಯಕ್ಷೆಯನ್ನು "ಅಧ್ಯಕ್ಷರ ಹೆಂಡ್ರು" ಅನ್ನುತ್ತಿದ್ದರು. ಬಿರುದು ಆಕೆಯಿಂದ ಹೊರಟು ಗಂಡನ ಹತ್ತಿರ ಹೋಗಿ, ಅಲ್ಲಿಂದ ಸಣ್ಣದಾಗಿ ಆಕೆಗೇ ವಾಪಸು ಬರುತ್ತಿತ್ತು. ಆಳುವ ರಾಣಿಯ ಗಂಡನಿಗೆ ಯಾವ ಬಿರುದು ಕೊಡಬೇಕು ಅಂತ ಯುರೋಪಿನ ಅರಮನೆಗಳು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿವೆ. ಇಲ್ಲಿ ಆ ತಾಪತ್ರಯವೇ ಇರಲಿಲ್ಲ.

ನನ್ನ ಪಾಠ ಶುರುವಾಯಿತು. ಬೆಂಚಿನ ಮೇಲೆ ಸದಸ್ಯರು, ಬಾಗಿಲಲ್ಲಿ ಬಂದವರು ಹೋದವರು.

"ರಾಜನ್ ಹೆಂಡ್ತಿ ರಾಣಿ ಆಗ್ತಾಳೆ ಅಂದ್ಮೇಲೆ ರಾಣಿ ಗಂಡ ರಾಜ ಆಗ್ದೆ ಇನ್ನೇನಮ್ಮ?" ಅಂದರು ಒಬ್ಬ ಹಿರಿಯ ಸದಸ್ಯರು.

"ಯಜಮಾನ್ರೇ, ರಾಜನ ಹೆಂಡತಿಗೆ ಸಾಮಾನ್ಯವಾಗಿ ಮದುವೆಯಿಂದಲೇ ಕ್ವೀನ್ ಅನ್ನೋ ಬಿರುದು ಬಂದುಬಿಡುತ್ತೆ. ಕ್ವೀನ್ ಕನ್ಸಾರ್ಟ್ ಅಂತಾರೆ. ಆಳೋದು ಆಕೆಯಲ್ಲ, ಆದ್ರೂ ಕ್ವೀನ್. ಆದ್ರೆ ಅವರ ಲೆಕ್ಕದಲ್ಲಿ ಕಿಂಗ್ ಅನ್ನೋದು ಕ್ವೀನ್‌ಗಿಂತ ಒಂದು ಮೆಟ್ಟಲು ಮೇಲೆ. ಆಳೋ ರಾಣಿಯ ಗಂಡನನ್ನ ಕಿಂಗ್ ಅಂದುಬಿಟ್ರೆ ಪಟ್ಟ ಅವನದೇ ಅಂದಹಾಗಾಗುತ್ತೆ. ಅದಕ್ಕೇ ಪ್ರಿನ್ಸ್. ಕೆಲವು ಕಡೆ ಪ್ರಿನ್ಸ್ ಕನ್ಸಾರ್ಟ್."

"ಪ್ರಿನ್ಸ್ ಅಂದ್ರೆ ರಾಜಕುಮಾರ ಅಲ್ವಾ? ವಯಸ್ಸೆಷ್ಟು ಅವ್ರಿಗೆ?"

"ಎಪ್ಪತ್ತು ದಾಟಿದೆ."

"ಎಪ್ಪತ್ತು ದಾಟಿದ ರಾಜ್‌ಕುಮಾರ!" ಹಿರಿಯರು ತೊಡೆ ತಟ್ಟಿಕೊಂಡರು. "ಲೇ, ಹಂಗಾದ್ರೆ ನಂಗೂ ಒಂದ್ ಕುದುರೆ ಕೊಡಿಸ್ರಲಾ!"

"ನಮ್ಮಲ್ಲಿ ಪಟ್ಟದ ರಾಣಿ ಅಂತ ಇರ್ತಾಳೆ. ಇವನು ಪಟ್ಟದ ಗಂಡ" ಅಂದ ಇನ್ನೊಬ್ಬ.

"ಪಟ್ಟ ಇಲ್ದಿರೋ ಗಂಡ ಅನ್ನು ಕಣೋ."

ಎಲ್ಲರೂ ನಕ್ಕರು. ಕುರ್ಚಿಯಲ್ಲಿದ್ದವರು ಮಾತ್ರ ನಗಲಿಲ್ಲ. "ಆ ಪ್ರಿನ್ಸ್ ಅನ್ನೋದನ್ನ ಯಾರು ಕೊಡ್ತಾರೆ ಮೇಡಂ ಅವ್ರಿಗೆ?" ಅಂತ ಕೇಳಿದರು.

"ರಾಣಿಯೇ. ತಾನಾಗಿ ಬರೋದಲ್ಲ ಅದು. ಆಕೆ ಆಜ್ಞೆ ಹೊರಡಿಸಿದ್ರೆ ಉಂಟು, ಇಲ್ಲದಿದ್ರೆ ಇಲ್ಲ."

"ಹೆಂಡ್ತಿ ಗಂಡನಿಗೆ ಕೊಡೋದು!" ಅಂದರು, ಗೋಡೆಯ ಕಡೆ ನೋಡುತ್ತ.

ಅಷ್ಟು ಹೊತ್ತಿಗೆ ಅಧ್ಯಕ್ಷೆ ಬಂದರು. ತಲೆಗೂದಲಲ್ಲಿ ಅಲ್ಲಲ್ಲಿ ನೂಲಿನ ಧೂಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು. ಕೂರಲಿಲ್ಲ, ನನ್ನ ಕುರ್ಚಿಯ ಪಕ್ಕ ಗೋಡೆಗೆ ಒರಗಿ ನಿಂತರು. ಹಿರಿಯ ಸದಸ್ಯರು ಬಿಡಲಿಲ್ಲ. "ನೋಡವ್ವಾ, ನೀನು ನಿನ್ ಗಂಡಂಗೆ ಒಂದ್ ಬಿರುದು ಕೊಡ್ಬೇಕಂತೆ."

"ಮುಂದಿನ ಮೀಟಿಂಗಲ್ಲಿ ಇಟ್ಟು ಪಾಸ್ ಮಾಡ್ಸಾನ ಬಿಡಿ" ಅಂದರು ಆಕೆ. ಎಷ್ಟು ಮೆಲ್ಲಗೆ ಅಂದರೆ, ಪಕ್ಕದಲ್ಲಿದ್ದ ನನಗೆ ಬಿಟ್ಟು ಇನ್ಯಾರಿಗೂ ಕೇಳಿಸಲಿಲ್ಲ. ನಾನು ತಲೆಯೆತ್ತಿ ನೋಡಿದೆ. ಆಕೆಯ ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಮಾತ್ರ ಇತ್ತು.

ರಿಹರ್ಸಲ್ ಇಟ್ಟುಕೊಂಡದ್ದು ಸ್ಕೂಲಿನ ಮೈದಾನದಲ್ಲಿ. ಅಲ್ಲಿ ಶಾಮಿಯಾನ, ವೇದಿಕೆ, ಮೈಕು ಅಂತ ಅಧ್ಯಕ್ಷೆಯ ಗಂಡನ ಪ್ಲಾನು. ಕೋಆರ್ಡಿನೇಟರ್ ಹುಡುಗಿಯನ್ನು ರಾಣಿ ಮಾಡಿದೆ. ಮಗ್ಗ ರಿಪೇರಿ ಮಾಡುವವನೊಬ್ಬನನ್ನು ಹಿಡಿದು ಪ್ರಿನ್ಸ್ ಮಾಡಿದೆ. ಆರತಿ ತಟ್ಟೆ ಹಿಡಿದ ಹೆಂಗಸರು ನೇರವಾಗಿ ರಾಣಿಯನ್ನು ದಾಟಿಕೊಂಡು ಹೋಗಿ ರಿಪೇರಿಯವನಿಗೆ ಕುಂಕುಮ ಇಟ್ಟು ಆರತಿ ಎತ್ತಿಬಿಟ್ಟರು. ಅವನು ಕಣ್ಣು ಮುಚ್ಚಿ, ಮದುವೆಗಂಡಿನ ಹಾಗೆ ನಿಂತ.

"ರಾಣಿಗೆ ಮೊದಲು!" ಅಂದೆ.

"ಗಂಡಸ್ರು ಎದುರಿಗಿದ್ದಾಗ ಹೆಂಗಸ್ರಿಗೆ ಮೊದ್ಲು ಹೆಂಗ್ ಇಡೋದು ಮೇಡಂ? ಕೈಯೇ ಹೋಗಲ್ಲ."

ಎರಡನೇ ಸಲ ಇಬ್ಬರನ್ನೂ ಎಳೆದು ಪಕ್ಕಪಕ್ಕ ನಿಲ್ಲಿಸಿಕೊಂಡರು. ಜೋಡಿಯಾಗಿ ಬಂದವರಿಗೆ ಜೋಡಿಯಾಗಿಯೇ ಆರತಿ, ಬಿಡಿಬಿಡಿಯಾಗಿ ಎತ್ತಿದರೆ ಅಪಶಕುನ ಅಂತ ಅವರ ವಾದ. ಹಿಂದೆ ನಿಲ್ಲಬೇಕಾದ ಪ್ರಿನ್ಸ್ ಹೀಗೆ ಮತ್ತೆ ಮುಂದಕ್ಕೆ ಬಂದ. ನನಗೆ ಅವರ ಮೇಲೆ ಬೇಸರವಾಗಲಿಲ್ಲ. ಅವರ ಕೈಗಳಿಗೆ ಬೇರೆ ಪ್ರೋಟೋಕಾಲ್ ಅಭ್ಯಾಸ, ಅಷ್ಟೆ. ಅದು ಅರಮನೆಯದ್ದಕ್ಕಿಂತ ಹಳೆಯದು.

ಆರತಿಗೆ ಒಂದು ಉಪಾಯ ಕಾರಿನ ಬಾಗಿಲಲ್ಲೇ ಸಿಕ್ಕಿತು. ರಾಣಿಯ ಬಾಗಿಲು ಮೊದಲು ತೆಗೆಯುವುದು, ಆಕೆ ಇಳಿದು ಆರತಿ ಆಗುವವರೆಗೆ ಪ್ರಿನ್ಸ್ ಕಾರಿನ ಆ ಪಕ್ಕದಲ್ಲೇ ನಿಲ್ಲುವುದು. ಎದುರಿಗೆ ಗಂಡಸು ಕಾಣದಿದ್ದರೆ ಕೈ ತಪ್ಪುವುದಿಲ್ಲ. "ಪಾಪ, ಆಯಪ್ಪಂಗೆ ಆರತಿ ಬ್ಯಾಡ್ವಾ?" ಅಂತ ಕೇಳಿದರು. ಆಮೇಲೆ ಬೇರೆ ತಟ್ಟೆಯಲ್ಲಿ ಮಾಡಿ ಅಂದೆ. ಒಪ್ಪಿದರು.

ಬಗೆಹರಿಯದೇ ಉಳಿದದ್ದು ಸ್ವಾಗತದ ಮಾತು. ಅಧ್ಯಕ್ಷೆ ಮೈಕಿನ ಮುಂದೆ ಬಂದು "ನಮಸ್ಕಾರ, ನಮ್ಮ ಊರಿಗೆ" ಅನ್ನುವಷ್ಟರಲ್ಲಿ ನಿಲ್ಲಿಸಿ ಗಂಡನ ಕಡೆ ತಿರುಗುತ್ತಿದ್ದರು. ಆತ ಮೈಕು ಎಳೆದುಕೊಂಡು ಉಳಿದದ್ದನ್ನು ಮುಗಿಸುತ್ತಿದ್ದರು. ಮತ್ತೆ ಮಾಡಿಸಿದೆ. ಮತ್ತೆ ಅದೇ. ಆತ ಕಿತ್ತುಕೊಳ್ಳುತ್ತಿದ್ದರು ಅನ್ನಲಾರೆ, ಆಕೆಯೇ ಕೊಡುತ್ತಿದ್ದರು. ಇಬ್ಬರಿಗೂ ಅದು ತಿಳಿಯುತ್ತಲೂ ಇರಲಿಲ್ಲ.

"ಅವ್ಳಿಗೆ ಆಗಲ್ಲ ಮೇಡಂ. ಸುಮ್ನೆ ನಾನೇ ಹೇಳ್ಬಿಡ್ತೀನಿ, ಅವ್ಳು ಪಕ್ಕದಲ್ಲಿ ನಿಂತ್ಕೊಳ್ಲಿ" ಅಂದರು ಗಂಡ. ಸಿಟ್ಟಿನಿಂದ ಅಲ್ಲ, ಕಾಳಜಿಯಿಂದಲೇ.

ಮಾರನೇ ಬೆಳಿಗ್ಗೆ ನಾನೊಬ್ಬಳೇ ಷೆಡ್ಡಿಗೆ ಹೋದೆ. ರಸ್ತೆಯಿಂದಲೇ ಸದ್ದು ಕೇಳುತ್ತದೆ. ಒಳಗೆ ಕಾಲಿಟ್ಟರೆ ನೆಲ ಅದುರುವುದು ಎಲುಬಿಗೆ ಬರುತ್ತದೆ. ಲಾಳಿಗಳು ಆ ಕಡೆಯಿಂದ ಈ ಕಡೆಗೆ ಹೊಡೆದುಕೊಳ್ಳುತ್ತ, ಸೀರೆಗಳು ಬೆರಳಗಲ ಬೆರಳಗಲ ಬೆಳೆಯುತ್ತ ಇದ್ದವು. ಆ ಗದ್ದಲದ ನಡುವೆ ನಿಂತು ಅಧ್ಯಕ್ಷೆ ಮಾತಾಡುತ್ತಿದ್ದರು. ಮಾತು ಅಂದರೆ ಕೂಗು. ಮೂಲೆಯ ಮಗ್ಗದವಳಿಗೆ ಏನೋ ಬೈದರು, ಅವಳು ಅಲ್ಲಿಂದಲೇ ತಿರುಗಿ ಏನೋ ಅಂದಳು, ಇಡೀ ಸಾಲು ನಕ್ಕಿತು. ನನಗೆ ಒಂದಕ್ಷರ ಕೇಳಿಸಲಿಲ್ಲ. ಅವರಿಗೆ ತುಟಿ ನೋಡಿದರೇ ಸಾಕು.

ಹೊರಗೆ ಬಂದು, ನೀರು ಕುಡಿದು, ಕಟ್ಟೆಯ ಮೇಲೆ ಕೂತಾಗ ಕೇಳಿದೆ. "ಇಲ್ಲಿ ಇಷ್ಟು ಜೋರು. ಅಲ್ಲಿ ಯಾಕೆ ಆಗಲ್ಲ?"

"ಮದ್ವೆಯಾಗಿ ಬಂದಾಗಿಂದ ಈ ಸದ್ದಲ್ಲೇ ಮಾತಾಡಿದೀನಿ ಅಮ್ಮ. ಸದ್ದಿದ್ರೆ ನನ್ ದನಿ ನಂಗೇ ಕೇಳಲ್ಲ, ಎಷ್ಟ್ ಬೇಕಾದ್ರೂ ಮಾತಾಡ್ತೀನಿ. ಅಲ್ಲಿ ಎಲ್ರೂ ಗಪ್‌ಚುಪ್ ಆಗಿ ನನ್ ಬಾಯೇ ನೋಡ್ತಾರೆ. ಅವಾಗ ನನ್ ದನಿ ನಂಗೆ ಕೇಳ್ಸುತ್ತೆ. ಇದ್ಯಾರ್ದಪ್ಪ ಅನ್ಸುತ್ತೆ. ಇವ್ರ ಕಡೆ ತಿರುಗ್ಬಿಡ್ತೀನಿ."

"ಅವರೇ ಹೇಳಲಿ ಅಂತೀರಾ?"

ಸೆರಗಿನ ಮೇಲಿನ ನೂಲಿನ ಧೂಳು ಕೊಡವಿಕೊಂಡರು. "ನನ್ ಅವಧಿ ಮುಗೀತಾ ಬಂತು. ಮುಂದ್ಲ ಸಲ ಈ ಸೀಟು ಯಾರ್ಗೆ ಬರುತ್ತೋ. ಆಗಸ್ಟ್ ಹದಿನೈದಕ್ಕೆ ಬಾವುಟ ನಾನೇ ಹಾರ್ಸಿದ್ದು, ಭಾಷಣ ಇವ್ರದು. ಶಂಕುಸ್ಥಾಪನೆ ಕಲ್ಲಿನ್ ಮೇಲೆ ನನ್ ಹೆಸ್ರು, ಹಾರ ಇವ್ರಿಗೆ. ನಾನೇನ್ ದೂರ್ತಾ ಇಲ್ಲ. ಆದ್ರೆ ಒಂದೇ ಒಂದ್ಸಲ, 'ನಾನು ಈ ಪಂಚಾಯ್ತಿ ಅಧ್ಯಕ್ಷೆ' ಅಂತ ನನ್ ಬಾಯಾರೆ ಹೇಳ್ಬೇಕು ಅಮ್ಮ. ಆ ರಾಣಿ ಮುಂದೆ ಆಗ್ಲಿಲ್ಲ ಅಂದ್ರೆ ಇನ್ಯಾರ ಮುಂದೆ ಆಗುತ್ತೆ?"

ನನ್ನ ಗಂಡ ಮಿಲಿಟರಿಯಲ್ಲಿದ್ದರು. ಕಂಟೋನ್ಮೆಂಟಿನ ಲೇಡೀಸ್ ಮೀಟ್‌ಗಳಲ್ಲಿ ಕುರ್ಚಿಗಳನ್ನು ಗಂಡಂದಿರ ರ‍್ಯಾಂಕಿನ ಪ್ರಕಾರ ಹಾಕುತ್ತಿದ್ದರು. ಇವರಿಗೆ ಪ್ರಮೋಷನ್ ಆದಾಗ ನನ್ನ ಕುರ್ಚಿ ಒಂದು ಸಾಲು ಮುಂದಕ್ಕೆ ಬಂತು. ನಾನೇನೂ ಮಾಡಿರಲಿಲ್ಲ. ಖುಷಿ ಮಾತ್ರ ಆಗಿತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಇವರು ಹೋದ ಮೇಲೆ ಆ ಕುರ್ಚಿ ಯಾವ ಸಾಲಿಗೆ ಹೋಯಿತೋ, ನಾನು ನೋಡಲು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತಾಗ ಅದೆಲ್ಲ ಒಂದು ಕ್ಷಣ ಬಂದು ಹೋಯಿತು. ಆಕೆಗೆ ಹೇಳಲಿಲ್ಲ.

ಷೆಡ್ಡಿನ ಬಾಗಿಲಲ್ಲಿ ನಿಂತು ಒಳಗೆ ಇನ್ನೊಮ್ಮೆ ನೋಡಿದೆ. ತೀರ್ಮಾನ ಅಲ್ಲೇ ಆಯಿತು. ವೇದಿಕೆ ಬೇಡ, ಮೈಕು ಬೇಡ. ಸ್ವಾಗತ ಇಲ್ಲೇ, ಮಗ್ಗಗಳು ಓಡುತ್ತಿರುವಾಗಲೇ.

ಅರಮನೆಯ ಅಧಿಕಾರಿ ಇದಕ್ಕೆ ಸುಲಭವಾಗಿ ಬಗ್ಗಲಿಲ್ಲ. "ಮೇಡಂ, ವಿತ್ ಗ್ರೇಟ್ ರೆಸ್ಪೆಕ್ಟ್, ಅಲ್ಲಿ ಯಾರಿಗೂ ಏನೂ ಕೇಳಿಸೋದಿಲ್ಲ." ಇಂಟರ್‌ಪ್ರಿಟರ್ ರಾಣಿಯ ಮೊಣಕೈಗೆ ಅಂಟಿಕೊಂಡು ನಿಲ್ಲಲಿ ಅಂದೆ. ನೆಲದಲ್ಲಿ ಎಣ್ಣೆ ಇದೆ ಅಂದರು. ಮರದ ಪುಡಿ ಹಾಕಿ ಗುಡಿಸಿಸಿದೆವು. ಸಾಲುಗಳ ನಡುವಿನ ದಾರಿಯನ್ನು ಟೇಪು ಹಿಡಿದು ಅಳೆದರು. ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲ ಇರಲಿಲ್ಲ. ಅವರು ತಲೆ ಅಲ್ಲಾಡಿಸಿದರು, ನಾನು ನಕ್ಕೆ. "ನಿಮ್ಮ ಪ್ರಿನ್ಸ್ ಪಕ್ಕದಲ್ಲಿ ನಡೆಯೋದೇ ಇಲ್ಲವಲ್ಲ! ಈ ದಾರಿಯಲ್ಲಿ ಯಾರೂ ಅವರನ್ನ ಮುಂದಕ್ಕೆ ಎಳೆಯೋದಕ್ಕೂ ಆಗಲ್ಲ." ಅವರು ಟೇಪನ್ನು ಸುತ್ತಿಟ್ಟು, ಮೊದಲ ಸಲ ನಕ್ಕರು.

ಸಂಜೆ ಅಧ್ಯಕ್ಷೆಯ ಗಂಡ ನನ್ನನ್ನು ಹುಡುಕಿಕೊಂಡು ಬಂದರು. ಸ್ಕೂಲಿನ ಜಗಲಿಯಲ್ಲಿ ಕೂತೆವು. ಶಾಮಿಯಾನದವನನ್ನು ವಾಪಸು ಕಳಿಸಿದ್ದು ಅವರಿಗೆ ಮುಟ್ಟಿತ್ತು.

"ಮೇಡಂ, ಆ ಷೆಡ್ಡಿನ್ ಜಾಗ ಮಾಡ್ಸಿದೋನು ನಾನು. ತಾಲ್ಲೂಕ್ ಆಫೀಸಿಗೆ ಚಪ್ಪಲಿ ಸವೆಸಿದೋನು ನಾನು. ಈಗ ಕೈ ಕಟ್ಕೊಂಡು ಮೂಲೆಲಿ ನಿಂತ್ಕೊ ಅಂದ್ರೆ ಊರೋರು ಏನಂತಾರೆ?"

ಅದು ಸುಳ್ಳಲ್ಲ, ಅವರು ಓಡಾಡಿದ್ದು ನಿಜ. "ಮೂಲೆಯಲ್ಲಿ ಅಲ್ಲ. ಪ್ರಿನ್ಸ್ ನಿಮ್ಮ ಗೆಸ್ಟ್. ಅವರನ್ನ ಬರಮಾಡಿಕೊಂಡು, ಅವರ ಜೊತೆ ಇದ್ದು, ಬೀಳ್ಕೊಡೋವರೆಗೆ ನಿಮ್ಮ ಡ್ಯೂಟಿ. ಅವರು ಎಲ್ಲಿ ನಿಲ್ತಾರೋ ಅಲ್ಲೇ ನೀವೂ."

"ಅಂದ್ರೆ ಹಿಂದೆ."

"ಹಿಂದೆ."

"ಏನಂತ ಪರಿಚಯ ಮಾಡಿಕೊಡ್ತೀರ ನನ್ನ? ಅವ್ರು ಪ್ರಿನ್ಸು. ನಾನ್ಯಾರು?"

ಇಷ್ಟು ವರ್ಷ ಬಿರುದುಗಳ ನಡುವೆಯೇ ಕೆಲಸ ಮಾಡಿದವಳು ನಾನು, ಆ ಜಗಲಿಯಲ್ಲಿ ಒಂದೂ ನೆನಪಾಗಲಿಲ್ಲ. "ಹೆಸರಿಂದಲೇ ಪರಿಚಯ ಮಾಡ್ಕೊಡ್ತೀನಿ" ಅಂದೆ. ಅವರು ಎದ್ದು, ಪಂಚೆ ಕೊಡವಿಕೊಂಡು ಹೋದರು. ಬರುತ್ತಾರೋ ಇಲ್ಲವೋ ಅನ್ನುವುದೂ ನನಗೆ ಖಾತ್ರಿಯಿರಲಿಲ್ಲ.

ಬಂದರು. ರಾಣಿ ಬಂದ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು, ಸೋಲಾರಿಗೆ ಬೇಕಾದಂಥದ್ದೇ. ಕಾರು ನಿಂತಿತು, ರಾಣಿಯ ಬಾಗಿಲು ಮೊದಲು. ಸಣ್ಣ ಮೈಕಟ್ಟಿನ, ಬೆಳ್ಳಿಗೂದಲಿನ ಹೆಂಗಸು, ಕಾಲಲ್ಲಿ ಸಾದಾ ಷೂ. ಆರತಿ ಸರಿಯಾಗಿ ಆಕೆಗೇ ಆಯಿತು. ಕಾರಿನ ಆ ಬದಿಯಿಂದ ಪ್ರಿನ್ಸ್ ಬಂದಾಗ ಎರಡನೇ ತಟ್ಟೆ. ಅಧ್ಯಕ್ಷೆಯ ಗಂಡ ಕೈ ಜೋಡಿಸಿದರು, ನಾನು ಇಬ್ಬರ ಹೆಸರನ್ನೂ ಹೇಳಿದೆ. ಪ್ರಿನ್ಸ್ ತಾವೂ ಕೈ ಜೋಡಿಸಿದರು. ಇಬ್ಬರೂ ಹಿಂದೆ ಸರಿದು ನಿಂತರು.

ಷೆಡ್ಡಿನ ಒಳಗೆ ಎಲ್ಲ ಮಗ್ಗಗಳೂ ಓಡುತ್ತಿದ್ದವು. ಅಧ್ಯಕ್ಷೆ ಸಾಲಿನ ನಡುವೆ ನಿಂತು ಕೈ ಮುಗಿದರು, ಬಾಯಿ ತೆರೆದರು. "ನಮಸ್ಕಾರ! ನಾನು..."

ಆಗ ಸದ್ದು ನಿಂತುಹೋಯಿತು.

ರಾಣಿ ಬಂದಿದ್ದಾರೆ, ಅವರ ಮುಂದೆ ಗದ್ದಲವೇ ಅಂತ ಮೂಲೆಯ ಮಗ್ಗದ ಅಜ್ಜಿಯೊಬ್ಬಳು ಗೌರವಕ್ಕೆ ಮೇನ್ ಸ್ವಿಚ್ ಇಳಿಸಿಬಿಟ್ಟಿದ್ದಳು. ಮಗ್ಗ ನಿಲ್ಲಿಸಬೇಡಿ ಅನ್ನುವುದೊಂದನ್ನು ನಾನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ನನಗೇ ಹೊಳೆದಿರಲಿಲ್ಲ. ಅಷ್ಟು ಮಗ್ಗಗಳು ಒಟ್ಟಿಗೆ ನಿಂತಾಗಿನ ಮೌನ ಕಿವಿಗೆ ಒತ್ತುತ್ತದೆ. ಅಧ್ಯಕ್ಷೆಯ ತುಟಿ ಅಲ್ಲೇ ನಿಂತಿತು. ಕುತ್ತಿಗೆ ತಿರುಗಿತು. ಆಕೆಯ ಜೊತೆ ಷೆಡ್ಡಿನಲ್ಲಿದ್ದ ಊರವರ ಕುತ್ತಿಗೆಗಳೆಲ್ಲ ತಿರುಗಿದವು, ಗಂಡನ ಕಡೆಗೆ.

ಆತನ ಬಾಯಿ ಆಗಲೇ ತೆರೆದಿತ್ತು. ಪಕ್ಕದಲ್ಲಿ ಪ್ರಿನ್ಸ್ ನಿಂತಿದ್ದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೆಂಡತಿಯ ಭುಜದ ಕಡೆ ನೋಡುತ್ತ. ಎಷ್ಟೋ ಊರುಗಳಲ್ಲಿ ಹೀಗೇ ನಿಂತು ಅಭ್ಯಾಸವಾದ ಮುಖ. ಗಂಡ ಅವರನ್ನು ಒಮ್ಮೆ ನೋಡಿದರು. ಆಮೇಲೆ ಬಾಯಿ ಮುಚ್ಚಿಕೊಂಡು ತಾವೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು. ಹೆಂಡತಿಯ ಕಣ್ಣನ್ನು ತಪ್ಪಿಸಿ ಅವಳ ಭುಜದ ಕಡೆ ನೋಡಿದರು.

ತಿರುಗಿದ ಕಡೆ ಏನೂ ಸಿಗದೆ ಆಕೆ ವಾಪಸು ರಾಣಿಯ ಕಡೆ ತಿರುಗಿದರು.

"ನಾನು ಈ ಪಂಚಾಯ್ತಿ ಅಧ್ಯಕ್ಷೆ!"

ಮಗ್ಗಗಳೆಲ್ಲ ಓಡುತ್ತಿದ್ದರೆ ಎಷ್ಟು ಜೋರು ಬೇಕೋ ಅಷ್ಟೇ ಜೋರು. ಆ ಮೌನದಲ್ಲಿ ಅದು ತಗಡಿನ ಚಾವಣಿಗೆ ಬಡಿದು ರಸ್ತೆಯವರೆಗೆ ಹೋಯಿತು. ಇಂಟರ್‌ಪ್ರಿಟರ್ ಬೆಚ್ಚಿದಳು. ರಾಣಿ ಅಲ್ಲಾಡಲಿಲ್ಲ.

"ನಮ್ ಊರಿಗ್ ಬಂದಿದೀರ! ಸಂತೋಷ! ನಮ್ ಮಗ್ಗ ನೋಡಿ, ನಮ್ ಹೆಣ್ಮಕ್ಕಳನ್ನ ಮಾತಾಡ್ಸಿ, ಊಟ ಮಾಡ್ಕೊಂಡೇ ಹೋಗ್ಬೇಕು!"

ಊಟ ಯಾವ ಪ್ರೋಗ್ರಾಮಿನಲ್ಲೂ ಇರಲಿಲ್ಲ. ಅಧಿಕಾರಿ ನನ್ನ ಕಡೆ ನೋಡಿದರು, ನಾನು ಚಾವಣಿಯ ಕಡೆ ನೋಡಿದೆ. ಇಂಟರ್‌ಪ್ರಿಟರ್ ಪ್ರತಿ ಮಾತನ್ನೂ ಹೇಳಿದಳು. ರಾಣಿ ನಕ್ಕು, ಮುಂದೆ ಬಂದು, ಕೈ ಕೊಟ್ಟರು. ಊಟಕ್ಕೆ ನಿಲ್ಲಲಾಗುವುದಿಲ್ಲ, ಆದರೆ ಒಂದು ಲೋಟ ಏನಾದರೂ ಕುಡಿದೇ ಹೋಗುತ್ತೇನೆ ಅಂದರು. ಮಜ್ಜಿಗೆ ಬಂತು. ಮೊದಲ ಲೋಟ ರಾಣಿಗೇ ಹೋಯಿತು.

ಮಗ್ಗಗಳನ್ನು ಮತ್ತೆ ಶುರು ಮಾಡಿದಾಗ ಒಂದರಲ್ಲಿ ಹಾಸಿನ ಎಳೆ ಕಡಿಯಿತು. ರಾಣಿ ಮತ್ತು ಅಧ್ಯಕ್ಷೆ ಮುಂದೆ ಹೋಗಿಬಿಟ್ಟಿದ್ದರು. ಪ್ರಿನ್ಸ್ ಅಲ್ಲೇ ಬಗ್ಗಿ ನೋಡಿದರು, ಸಾವಿರ ಎಳೆಗಳಲ್ಲಿ ಕಡಿದದ್ದು ಯಾವುದು ಅಂತ ಹುಡುಕುವವರ ಹಾಗೆ. ಗಂಡ ಬಿಳಿ ಷರ್ಟಿನ ತೋಳು ಮಡಿಸಿ, ಮಗ್ಗದ ಮೇಲೆ ಬಾಗಿ, ಎಳೆಯ ಎರಡು ತುದಿ ಹಿಡಿದು ಬೆರಳಲ್ಲಿ ಒಮ್ಮೆ ತಿರುವಿದರು. ಗಂಟು ಬಿದ್ದದ್ದು ನನಗೆ ಕಾಣಲೇ ಇಲ್ಲ. ಪ್ರಿನ್ಸ್ "ಅಗೇನ್, ಪ್ಲೀಸ್" ಅಂದರು. ಇವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಒಂದು ತುಂಡು ನೂಲಿನಲ್ಲಿ ನಿಧಾನವಾಗಿ ಮಾಡಿ ತೋರಿಸಿದರು. ಪ್ರಿನ್ಸ್ ಪ್ರಯತ್ನಪಟ್ಟು ಸೋತರು, ಮತ್ತೆ ಪ್ರಯತ್ನಪಟ್ಟರು. ಅಧಿಕಾರಿಯ ಫೋಟೋಗ್ರಾಫರ್ ಅಲ್ಲಿ ಬಹಳ ಹೊತ್ತು ನಿಂತ.

"ಮುಂಚೆ ಇವ್ರ ಕೈ ಗಂಟು ಅಂದ್ರೆ ಊರಲ್ಲೇ ಹೆಸ್ರು" ಅಂತ ಒಬ್ಬ ಹೆಂಗಸು ನನ್ನ ಕಿವಿಯಲ್ಲಿ ಕೂಗಿದಳು. "ಅಧ್ಯಕ್ಷರಾದ್ಮೇಲೆ ಬಿಟ್ಬಿಟ್ರು."

ಬೀಳ್ಕೊಡುವಾಗ ಎಲ್ಲ ಕ್ರಮದಲ್ಲೇ ಆಯಿತು. ಕಾರುಗಳು ಹೋದ ಧೂಳಲ್ಲಿ ನಿಂತು ನಾನು ಮಜ್ಜಿಗೆಯ ಎರಡನೇ ಲೋಟ ಕುಡಿದೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎರಡು ಮೂರು ದಿನ ಬಿಟ್ಟು ಅಧಿಕಾರಿಯಿಂದ ಫೋಟೋಗಳು ಬಂದವು. ಅರಮನೆಯ ದಾಖಲೆಗೆ ಪ್ರತಿ ಫೋಟೋದ ಕೆಳಗೆ ಇರುವವರ ಹೆಸರು, ಬಿರುದು ಬರೆದು ಕಳಿಸಬೇಕು. ರಾಣಿಗೆ ಕೈ ಕೊಡುತ್ತಿರುವ ಹೆಂಗಸಿನ ಕೆಳಗೆ 'ಪ್ರೆಸಿಡೆಂಟ್' ಅಂತ ಟೈಪ್ ಮಾಡಿದೆ. ಮುಂದಿನದು ಪ್ರಿನ್ಸ್ ಮತ್ತು ಗಂಡ, ಮಗ್ಗದ ಮೇಲೆ ಬಾಗಿದ ಎರಡು ತಲೆ. ಪ್ರಿನ್ಸ್ ಹೆಸರಿನ ಮುಂದೆ ಅವರ ಬಿರುದು ಇತ್ತು. ಇನ್ನೊಂದು ಹೆಸರಿನ ಮುಂದೆ ಜಾಗ ಖಾಲಿ.

ಆ ಮನೆಗೆ ಯಾವಾಗಲೂ ಗಂಡನ ನಂಬರಿಗೇ ಫೋನು ಮಾಡುತ್ತಿದ್ದೆವು. ಈ ಸಲ ಹುಡುಗಿಯಿಂದ ಅಧ್ಯಕ್ಷೆಯ ನಂಬರ್ ತೆಗೆದುಕೊಂಡು ಮಾಡಿದೆ. ಮಗ್ಗದ ಸದ್ದಿನ ನಡುವೆಯೇ ಎತ್ತಿದರು. ವಿಷಯ ಹೇಳಿದೆ. ಪಕ್ಕದಲ್ಲೇ ಇದ್ದ ಗಂಡನ ದನಿ ಶುರುವಾಯಿತು. "ಮಾಜಿ ಸದಸ್ಯರು ಅಂತ ಹಾಕ್ಸು. ಸಮಾಜ ಸೇವಕರು. ಯುವ ಮುಖಂಡರು ಅಂತಾನೂ ಇರ್ಲಿ."

"ಯುವ ಅಂತೆ! ಸುಮ್ನಿರಿ ಒಂದ್ ನಿಮಿಷ" ಅಂದರು ಹೆಂಡತಿ.

"ಅಧ್ಯಕ್ಷೆಯ ಪತಿ ಅಂತ ಬರೀಬಹುದು. ಅವರ ಕಡೆ ಅದೇ ಪದ್ಧತಿ. ಆದ್ರೆ ನೀವು ಹೇಳಿದಂಗೆ" ಅಂದೆ ನಾನು.

ಆಕೆ ಯೋಚಿಸಿದರು. ಮಗ್ಗಗಳು ಓಡುತ್ತಲೇ ಇದ್ದವು.

"ಬೇಡ ಅಮ್ಮ. ಅದು ನಂದು ಮುಗಿದ್ ದಿನಾನೇ ಅವ್ರದೂ ಮುಗ್ದೋಗ್ತದೆ. ನೇಕಾರರು ಅಂತ ಬರೀರಿ. ಅದು ನನ್ನಿಂದ ಬಂದಿದ್ದಲ್ಲ, ಯಾರೂ ಇಸ್ಕೊಳಕ್ಕೂ ಆಗಲ್ಲ."

ಹಿಂದಿನ ದನಿ ನಿಂತಿತು. ಆಮೇಲೆ ಗಂಡನ ದನಿ ಫೋನಿಗೆ ಹತ್ತಿರ ಬಂತು.

"ಹಂಗೇ ಬರ್ಕೊಳಿ ಮೇಡಂ. ಅಧ್ಯಕ್ಷರು ಹೇಳ್ದಂಗೆ."